ಮೇಷ್ಟ್ರು ತಂದ ಬಾಟಲಿ

ಈ ಸಲ ಗೋಡೆ ಗಡಿಯಾರ ಕೊಡುವ ಪ್ರಶ್ನೆಯೇ ಇಲ್ಲ ಎಂದು ನಂಜನಗೂಡಿನ ನಿಂಗರಾಜು ಮೇಷ್ಟ್ರು ಮುದ್ದೆ ಮುರಿಯುತ್ತಲೇ ಘೋಷಿಸಿದರು. ಅವರ ಷಡ್ಡಕ ರವಿಕುಮಾರ್ ತಿ. ನರಸೀಪುರದಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಇನ್ನೊಂದು ತಿಂಗಳಿತ್ತು.

"ಇಡೀ ನರಸೀಪುರ ಬಾಯಿ ಬಿಟ್ಕೊಂಡು ನೋಡ್ಬೇಕು, ಅಂಥದ್ದು ಕೊಡ್ತೀನಿ. ಅಂಗಡೀಲಿ ಸಿಗೋದಲ್ಲ. ನನ್ನ ಕೈಯಾರೆ ಮಾಡ್ತೀನಿ."

ಅವರ ಹೆಂಡತಿ ಕೋಮಲ ಸಾರಿನ ಸೌಟನ್ನು ಅರ್ಧದಲ್ಲೇ ನಿಲ್ಲಿಸಿದಳು. ಮೇಷ್ಟ್ರು ಕೈಯಾರೆ ಮಾಡಿದ ಕೊನೆಯ ಕೆಲಸ ಬಚ್ಚಲುಮನೆಗೆ ಚಿಲಕ ಹಾಕಿದ್ದು. ಆ ದಿನ ಮೊದಲು ಸ್ನಾನಕ್ಕೆ ಹೋದವರೂ ಅವರೇ, ಈಚೆ ಬರಲು ಬಡಗಿಯನ್ನು ಕರೆಸಿಕೊಂಡವರೂ ಅವರೇ.

ಮೇಷ್ಟ್ರು ಫೋನಿನಲ್ಲಿ ಒಂದು ವಿಡಿಯೊ ನೋಡಿದ್ದರು. ಮನೆಯಲ್ಲಿ ಬಿದ್ದಿರುವ ಯಾವುದಾದರೂ ಗಾಜಿನ ಭರಣಿ, ಪ್ಲಾಸ್ಟಿಕ್ ಡಬ್ಬ ಸಾಕು. ಬುಡಕ್ಕೆ ಸಣ್ಣ ಕಲ್ಲು, ಅದರ ಮೇಲೆ ಇದ್ದಿಲು, ಮೇಲೆ ಮಣ್ಣು, ಅದರ ಮೇಲೆ ಪಾಚಿ. ಒಂದೆರಡು ಪುಟ್ಟ ಗಿಡ ನೆಟ್ಟು, ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಳ ಹಾಕಿದರೆ ಮುಗಿಯಿತು. ಒಳಗಿನ ನೀರೇ ಆವಿಯಾಗಿ, ಗಾಜಿಗೆ ತಾಗಿ, ಹನಿಹನಿಯಾಗಿ ಇಳಿದು ಗಿಡವನ್ನು ಸಾಕಿಕೊಳ್ಳುತ್ತದೆ. ಟೆರೇರಿಯಂ ಅಂತ ಅದಕ್ಕೆ ಹೆಸರು. ಬಾಗಿಲ ಪಕ್ಕದ ದೊಡ್ಡಪತ್ರೆಗೂ ನೀರು ಹಾಕಲು ಮರೆತು ಅದನ್ನು ಕೊಂದಿದ್ದ ಮೇಷ್ಟ್ರಿಗೆ ಇದಕ್ಕಿಂತ ಒಪ್ಪುವ ಬೇಸಾಯ ಭೂಮಂಡಲದಲ್ಲಿ ಇನ್ನೊಂದಿರಲಿಲ್ಲ.

"ಅದ್ಯಾರು ಟೆರಿಯಮ್ಮ?" ಎಂದಳು ಕೋಮಲ.

"ಟೆರೇರಿಯಂ ಕಣೆ. ಬಾಟ್ಲಿ ಒಳಗೆ ಕಾಡು."

"ಕಾಡು ಬಾಟ್ಲಿ ಒಳಗೇ ಇರ್ಲಿ. ನನ್ನ ಅಡುಗೆಮನೆಗೆ ಮಾತ್ರ ಬರೋದು ಬೇಡ."

ಮೇಷ್ಟ್ರ ಹಟಕ್ಕೆ ಕಾರಣವಿತ್ತು. ಬನ್ನೂರಿನ ತಿಮ್ಮಯ್ಯನವರಿಗೆ ಇಬ್ಬರು ಅಳಿಯಂದಿರು. ಚಿಕ್ಕ ಮಗಳು ರಾಣಿಯನ್ನು ಮದುವೆಯಾದ ರವಿಕುಮಾರ್ ಕಂಟ್ರಾಕ್ಟರ್. ಕಾರು, ಬೆರಳಿಗೊಂದು ಉಂಗುರ, ಹಿಂದೆ ಮುಂದೆ ಸ್ನೇಹಿತರ ದಂಡು. ದೊಡ್ಡ ಮಗಳು ಕೋಮಲಳ ಗಂಡ ನಿಂಗರಾಜು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಹಳೆ ಸ್ಕೂಟರು, ಕೊರಳಲ್ಲಿ ಸೀಟಿ. ನೆಂಟರ ಮನೆಯ ಕಾರ್ಯ ಯಾವುದೇ ಇರಲಿ, ರವಿಕುಮಾರ್‌ಗೆ ಫ್ಯಾನಿನ ಕೆಳಗೆ ಕುರ್ಚಿ. ಮೇಷ್ಟ್ರಿಗೆ ಊಟದ ಸಾಲು ನೆಟ್ಟಗೆ ಮಾಡುವ ಕೆಲಸ. ಒಂದು ವಿಷಯದಲ್ಲಿ ಮಾತ್ರ ಮಾವ ದೊಡ್ಡಳಿಯನನ್ನು ಎತ್ತಿ ಹಿಡಿಯುತ್ತಿದ್ದರು. ತಿಮ್ಮಯ್ಯನವರ ಅಣ್ಣ ಕುಡಿದು ಕುಡಿದೇ ಸತ್ತಿದ್ದ. ಅಂದಿನಿಂದ ಅವರಿಗೆ ಹೆಂಡದ ಹೆಸರು ಕೇಳಿದರೂ ಮೈ ಉರಿಯುತ್ತಿತ್ತು. ನಮ್ಮ ದೊಡ್ಡಳಿಯ ಒಂದು ತೊಟ್ಟು ಮುಟ್ಟುವವರಲ್ಲ ಎಂದು ಸಂತೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಬೀಗರ ಬಳಗದಲ್ಲಿ ಮೇಷ್ಟ್ರಿಗಿದ್ದ ಆಸ್ತಿ ಆ ಒಂದು ಮಾತು.

ಮೊದಲ ಕಾಡು ಪ್ಲಾಸ್ಟಿಕ್ಕಿನ ಬಿಸ್ಕತ್ ಡಬ್ಬದಲ್ಲಿ ಹುಟ್ಟಿತು. ನಾಲ್ಕು ಹನಿ ಎನ್ನುವುದು ತೀರಾ ಜಿಪುಣತನವಾಯಿತು ಎಂದು ಮೇಷ್ಟ್ರು ಒಂದು ಚೊಂಬು ನೀರು ಸುರಿದರು. ಅದು ಮೊದಲು ಗದ್ದೆಯಾಗಿ, ವಾರದೊಳಗೆ ಚರಂಡಿಯಾಯಿತು. ಎರಡನೆಯ ಕಾಡು ಹಾರ್ಲಿಕ್ಸ್ ಬಾಟಲಿಯಲ್ಲಿ. ಗಿಡವೆಂದ ಮೇಲೆ ಬಿಸಿಲು ಬೇಡವೇ ಎಂದು ಅದನ್ನು ತಾರಸಿಯ ಮೇಲಿಟ್ಟು ಸ್ಕೂಲಿಗೆ ಹೋದರು. ಮಾರ್ಚ್ ತಿಂಗಳ ಬಿಸಿಲು. ಮುಚ್ಚಳ ಬಿಗಿಯಾಗಿತ್ತು. ಸಂಜೆ ಬಂದು ನೋಡಿದರೆ ಪಾಚಿ, ಗಿಡ ಎಲ್ಲ ಹದವಾಗಿ ಬೆಂದಿತ್ತು.

"ಬಸ್ಸಾರಿಗೆ ಸೊಪ್ಪು ಬೇಯಿಸೋಕೆ ಕೆಳಗೆ ಗ್ಯಾಸ್ ಇತ್ತಲ್ಲ ಕಣ್ರೀ, ತಾರಸಿಗ್ಯಾಕೆ ಹೊತ್ರಿ?" ಎಂದಳು ಕೋಮಲ.

ಮೂರನೆಯದಕ್ಕೆ ಮೇಷ್ಟ್ರು ಅವಳ ನಿಂಬೆಕಾಯಿ ಉಪ್ಪಿನಕಾಯಿಯ ಗಾಜಿನ ಭರಣಿಗೇ ಕೈಯಿಟ್ಟರು. ಅವಳು ಹಾಲು ತರಲು ಹೋದ ಸಮಯ ನೋಡಿ ಉಪ್ಪಿನಕಾಯಿಯನ್ನು ತಗಡಿನ ಡಬ್ಬಕ್ಕೆ ವರ್ಗಾವಣೆ ಮಾಡಿ, ಭರಣಿಯನ್ನು ಒಂದೇ ನೀರಿನಲ್ಲಿ ತೊಳೆದು ಕಾಡು ನೆಟ್ಟರು. ಗಾಜಿಗೆ ಹಿಡಿದಿದ್ದ ಉಪ್ಪು ಖಾರ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಪಾಚಿ ಕೆಂಪಗಾಗಿ ಸುಟ್ಟುಹೋಯಿತು. ಅತ್ತ ತಗಡಿನ ಡಬ್ಬದಲ್ಲಿ ಉಪ್ಪಿನಕಾಯಿಯೂ ಕಪ್ಪಿಟ್ಟಿತು. ಒಂದೇ ಏಟಿಗೆ ಕಾಡೂ ಹೋಯಿತು, ವರ್ಷಕ್ಕೆಂದು ಹಾಕಿಟ್ಟಿದ್ದ ಉಪ್ಪಿನಕಾಯಿಯೂ ಹೋಯಿತು.

ಆ ದಿನ ಕೋಮಲ ಬಯ್ಯಲಿಲ್ಲ. ಅವಳು ಬಯ್ಯದಿದ್ದರೆ ಮೇಷ್ಟ್ರಿಗೆ ಹೆಚ್ಚು ಭಯ. ಅಡುಗೆಮನೆಯಲ್ಲಿದ್ದ ಭರಣಿ ಡಬ್ಬಗಳನ್ನೆಲ್ಲ ಕಪಾಟಿಗೆ ತುಂಬಿ, ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಳು. ತಂಗಿಗೆ ನೆರವಾಗಲು ಮೂರು ದಿನ ಮುಂಚೆಯೇ ನರಸೀಪುರಕ್ಕೆ ಹೊರಟವಳು, ಬರುವಾಗ ದಾರಿಯಲ್ಲಿ ಒಂದು ಒಳ್ಳೆ ಗಡಿಯಾರ ಕಟ್ಟಿಸಿಕೊಂಡು ಬನ್ನಿ ಎಂದಷ್ಟೇ ಹೇಳಿ ಬಸ್ಸು ಹತ್ತಿದಳು.

ಅದೇ ಸಂಜೆ ಮೇಷ್ಟ್ರು ಗುಜರಿ ಅಂಗಡಿಯ ಮುಂದೆ ನಿಂತಿದ್ದರು. ರಾಶಿಯ ನಡುವೆ ಒಂದು ಬಾಟಲಿ ಅವರ ಕಣ್ಣಿಗೆ ಬಿತ್ತು. ಚೌಕಾಕಾರ, ದಪ್ಪ ಗಾಜು, ಬುಡದಲ್ಲಿ ವಜ್ರದ ಹಾಗೆ ಕೊರೆದ ಗೆರೆ. ಯಾವುದೋ ಫಾರಿನ್ ವಿಸ್ಕಿಯದು. ಅಂಗಡಿಯವನು ಅದರ ಜೊತೆಗೇ ಬಂದಿದ್ದ ಬಂಗಾರದ ಅಕ್ಷರದ ರಟ್ಟಿನ ಪೆಟ್ಟಿಗೆಯನ್ನೂ ಕೊಟ್ಟ. ಬಸ್ಸಿನಲ್ಲಿ ಒಡೆಯದ ಹಾಗೆ ಒಯ್ಯಲು ಇದಕ್ಕಿಂತ ಒಳ್ಳೆಯ ಪೆಟ್ಟಿಗೆ ಎಲ್ಲಿ ಸಿಗಬೇಕು ಎಂದು ಮೇಷ್ಟ್ರು ಹಿಗ್ಗಿದರು. ಆ ಅಕ್ಷರಗಳನ್ನು ಬೇರೆಯವರೂ ಓದಬಲ್ಲರು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಎಂದೂ ಕುಡಿಯದವರ ತೊಂದರೆಯೇ ಇದು.

ಬಾಟಲಿಯನ್ನು ಸೋಪಿನ ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಮೂಸಿ ನೋಡಿ, ಇನ್ನೊಮ್ಮೆ ತೊಳೆದರು. ಕಪಿಲೆಯ ದಡದಿಂದ ಸಣ್ಣ ಕಲ್ಲು ಬಂತು. ಇಸ್ತ್ರಿಯವನ ಹತ್ತಿರ ಇದ್ದಿಲು ಸಿಕ್ಕಿತು. ಹಿತ್ತಲಿನ ಕಾಂಪೌಂಡಿನ ನೆರಳಿನ ಭಾಗದಿಂದ ಪಾಚಿಯನ್ನು ದೋಸೆ ಎಬ್ಬಿಸುವ ಹಾಗೆ ಎಬ್ಬಿಸಿದರು. ಬಾಟಲಿಯ ಕತ್ತಿನೊಳಗೆ ಎರಡು ಬೆರಳೂ ಹೋಗುತ್ತಿರಲಿಲ್ಲ. ಹಳೆ ಛತ್ರಿಯ ಕಡ್ಡಿ ಕಿತ್ತು, ತುದಿ ಬಗ್ಗಿಸಿ, ಅದರಲ್ಲೇ ಗುಳಿ ತೋಡಿ, ಅದರಲ್ಲೇ ಗಿಡ ಇಳಿಸಿ, ಅದರಲ್ಲೇ ಮಣ್ಣು ಒತ್ತಿದರು. ಭಾನುವಾರ ಪೂರ್ತಿ ಹೋಯಿತು. ಊಟದ ನೆನಪಾಗಲಿಲ್ಲ. ನೀರು ಮಾತ್ರ ಈ ಸಲ ನಾಲ್ಕೇ ಹನಿ.

ಮಾರನೆಯ ಬೆಳಿಗ್ಗೆ ಗಾಜಿನ ಒಳಮೈ ಮಂಜು ಹಿಡಿದಿತ್ತು. ನೋಡುತ್ತಿದ್ದಂತೆ ಒಂದು ಹನಿ ಕೂಡಿಕೊಂಡು, ಜಾರಿ, ಎಳೆ ಜರೀಗಿಡದ ಎಲೆಯ ಮೇಲೆ ಬಿತ್ತು. ಎಲೆ ಒಮ್ಮೆ ತಲೆಯಾಡಿಸಿತು. ಇಪ್ಪತ್ತು ವರ್ಷ ಮೈದಾನದಲ್ಲಿ ನಿಂತು ಮಕ್ಕಳನ್ನು ಓಡಿಸಿದ್ದ ಮೇಷ್ಟ್ರು ಆ ಹನಿಯ ಮುಂದೆ ನೆಲದ ಮೇಲೆ ಕೂತುಬಿಟ್ಟರು. ತಾನು ಮಾಡಿದ್ದು ಒಂದು ಸರಿಹೋಯಿತಲ್ಲ ಎಂದು ಮುಖವನ್ನು ಗಾಜಿನ ಹತ್ತಿರಕ್ಕೆ ತಂದು ಇನ್ನೊಂದು ಹನಿಗೆ ಕಾದರು. ಕೋಮಲ ಇದ್ದಿದ್ದರೆ ಕರೆದು ತೋರಿಸುತ್ತಿದ್ದರು.

ಗೃಹಪ್ರವೇಶದ ದಿನ ಬಾಟಲಿ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಹೂವಿನ ಚಿತ್ರದ ಬಣ್ಣದ ಕಾಗದದೊಳಗೆ, ಎಲ್ಲವೂ ಮೇಷ್ಟ್ರ ತೊಡೆಯ ಮೇಲೆ ಕೂತು ನರಸೀಪುರಕ್ಕೆ ಪ್ರಯಾಣ ಮಾಡಿತು. ಬಸ್ಸು ಹಳ್ಳಕ್ಕಿಳಿದಾಗಲೆಲ್ಲ ಮೇಷ್ಟ್ರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಗಾಳಿಗೆತ್ತಿ ಹಿಡಿಯುತ್ತಿದ್ದರು. ಪಕ್ಕದಲ್ಲಿದ್ದ ಹೆಂಗಸು, ಒಳಗೆ ದೇವರಿದೆಯೇನೋ ಎಂದು ಕೈಮುಗಿದಳು.

ಹೊಸ ಮನೆಯ ಬಾಗಿಲಲ್ಲೇ ರವಿಕುಮಾರ್ ಸಿಕ್ಕಿದ. ಮೇಷ್ಟ್ರು ಅವನನ್ನು ಪಕ್ಕಕ್ಕೆ ಕರೆದು, ಪೆಟ್ಟಿಗೆ ಕೈಗಿತ್ತು, ದನಿ ತಗ್ಗಿಸಿ ಸೂಚನೆಗಳನ್ನು ಕೊಟ್ಟರು. ನೆಟ್ಟಗೆ ಇಡಬೇಕು. ಬಿಸಿಲು ತಾಗಬಾರದು. ಗಲಾಟೆಯಲ್ಲಿ ಬಿಚ್ಚಬಾರದು, ಸಂಜೆ ಜನ ಕರಗಿದ ಮೇಲೆ ನಾಲ್ಕು ಜನ ಅಭಿರುಚಿ ಇರುವವರು ಕೂತು ಸಾವಕಾಶವಾಗಿ ಆನಂದಿಸಬೇಕಾದ ವಸ್ತು ಇದು.

"ಇನ್ನೊಂದು ಮಾತು. ನಾನಿಲ್ದೆ ಮುಚ್ಚಳ ಮಾತ್ರ ತೆಗೀಬೇಡಿ. ವರ್ಷಗಟ್ಲೆ ಇಟ್ರೂ ಕೆಡಲ್ಲ ಇದು. ಹಳೇದಾದಷ್ಟೂ ಚೆಂದ."

ರವಿಕುಮಾರ್ ಕಾಗದದ ಒಂದು ಮೂಲೆಯನ್ನು ಉಗುರಿನಲ್ಲಿ ಕಿತ್ತ. ಬಂಗಾರದ ಅಕ್ಷರ ಕಂಡವು. ಕೈಯಲ್ಲಿ ತೂಗಿದ, ತೂಕ ಸರಿಯಿತ್ತು. ಮೆಲ್ಲಗೆ ಅಲುಗಾಡಿಸಿದ; ಸದ್ದು ಬರಲಿಲ್ಲ, ಎಂದರೆ ಕಂಠಪೂರ್ತಿ ತುಂಬಿದೆ. ಅವನು ಷಡ್ಡಕನ ಮುಖವನ್ನು ಮೊದಲ ಸಲ ನೋಡುವವನಂತೆ ನೋಡಿ ಅಪ್ಪಿಕೊಂಡ.

"ಅಣ್ಣ, ಇಷ್ಟು ವರ್ಷ ನಿಮ್ಮನ್ನ ನಾನು ತಪ್ಪು ತಿಳ್ಕೊಂಡಿದ್ದೆ" ಎಂದ.

ಮೇಷ್ಟ್ರನ್ನು ಹಾಲ್‌ಗೆ ಕರೆದೊಯ್ದು ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂರಿಸಲಾಯಿತು. ಜ್ಯೂಸು ಬಂತು. ಸೀಟಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ರವಿಕುಮಾರ್‌ನ ಸ್ನೇಹಿತರು ಒಬ್ಬೊಬ್ಬರಾಗಿ ಬಂದು ಕೈಕುಲುಕಿದರು. ಒಬ್ಬ ದಪ್ಪ ಮೀಸೆಯವನು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, ಸಾರ್‌ಗೆ ಇದು ಎಷ್ಟು ದಿನದ ಹವ್ಯಾಸ ಎಂದು ವಿಚಾರಿಸಿದ. ಟೆರೇರಿಯಂ ಸುದ್ದಿ ಇಷ್ಟು ಬೇಗ ಹಬ್ಬಿತೇ ಎಂದು ಮೇಷ್ಟ್ರು ಪುಳಕಗೊಂಡರು. ಒಂದು ತಿಂಗಳಾಯಿತು, ಮೊದಲ ಮೂರು ಸಲ ಕೆಟ್ಟುಹೋಗಿತ್ತು ಎಂದರು.

ಮೀಸೆಯವನು ಬೆಚ್ಚಿದ. "ಅಂದ್ರೆ, ಮನೇಲೇ ಮಾಡ್ತೀರಾ ಸಾ?"

"ಮನೇಲೇ. ಹಿತ್ಲಲ್ಲಿ ಕೂತ್ಕೊಂಡು. ಇದ್ದಿಲು ಹಾಕೋದ್ರಲ್ಲಿದೆ ನೋಡಿ ಗುಟ್ಟು, ವಾಸನೆ ಎಲ್ಲಾ ಅದೇ ಎಳ್ಕೊಂಡ್ಬಿಡುತ್ತೆ. ಬಾಟ್ಲಿ ಮಾತ್ರ ಗುಜರೀಲಿ ತಗೋತೀನಿ."

ಮೀಸೆಯವನು ಎದ್ದು ನಿಂತು ಇನ್ನೊಮ್ಮೆ ಕೈಕುಲುಕಿದ. ಮೇಷ್ಟ್ರು ಫಾರಿನ್ ಬಾಟಲಿ ತಂದಿದ್ದಾರೆ ಎಂಬ ಸುದ್ದಿ ಹಾಲ್ ದಾಟುವಷ್ಟರಲ್ಲಿ ಮೇಷ್ಟ್ರು ಹಿತ್ತಲಲ್ಲಿ ತಾವೇ ಕಾಯಿಸುತ್ತಾರೆ ಎಂದಾಯಿತು. ಅಡುಗೆಯವರಿದ್ದ ಶಾಮಿಯಾನ ಮುಟ್ಟುವಷ್ಟರಲ್ಲಿ, ನಂಜನಗೂಡಿನ ಪಿ.ಟಿ. ಮೇಷ್ಟ್ರೊಬ್ಬರು ಕಳ್ಳಬಟ್ಟಿಯನ್ನು ಫಾರಿನ್ ಬಾಟಲಿಗೆ ತುಂಬಿ ಮಾರುತ್ತಾರೆ, ಇದ್ದಿಲು ಹಾಕುವುದರಿಂದ ಪೊಲೀಸರಿಗೆ ವಾಸನೆ ಸಿಗುವುದಿಲ್ಲ ಎಂದಾಯಿತು.

ರಾಣಿಗೆ ಇದನ್ನು ಗಂಡನೇ ಹೆಮ್ಮೆಯಿಂದ ಹೇಳಿದ. ರಾಣಿ ಅಕ್ಕನ ಕಿವಿಯಲ್ಲಿ ಹೇಳಿದಳು. ಕೋಮಲ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ಪಂಕ್ತಿಗೆ ಬಂದಳು. ಎಡಕ್ಕಿದ್ದವರಿಗೆ ಎರಡು ಬಡಿಸಿದಳು, ಬಲಕ್ಕಿದ್ದವರಿಗೆ ಎರಡು ಬಡಿಸಿದಳು. ನಡುವೆ ಗಂಡನ ಎಲೆ ಬಂದಾಗ ನಿಂತಳು.

"ಮೂರು ದಿನ. ಮೂರೇ ದಿನ ನಾನು ಮನೇಲಿರ್ಲಿಲ್ಲ" ಎಂದಳು.

ಮೇಷ್ಟ್ರು ಇದು ಉಪ್ಪಿನಕಾಯಿ ಭರಣಿಯ ಬಾಕಿ ಕೋಪವೆಂದುಕೊಂಡರು. "ನಿನ್ನ ಭರಣಿ ಮುಟ್ಟಿಲ್ಲ ಕಣೆ, ಆಣೆ. ಬೇರೆ ಬಾಟ್ಲೀಲೇ ಮಾಡ್ದೆ."

ಕೋಮಲಳ ಕಣ್ಣು ತುಂಬಿತು. ಅವಳು ಒಬ್ಬಟ್ಟು ಹಾಕದೆಯೇ ಮುಂದೆ ಹೋದಳು. ಆಗ ಮೊದಲ ಸಲ ಮೇಷ್ಟ್ರಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಏನೆಂದು ಮಾತ್ರ ತಿಳಿಯಲಿಲ್ಲ.

ಊಟ ಮುಗಿದ ಮೇಲೆ ಕರೆ ಬಂತು. ಹಾಲ್‌ನ ನಡುವೆ ತಿಮ್ಮಯ್ಯನವರು ಕುಳಿತಿದ್ದರು. ಸುತ್ತ ಬಳಗ ನಿಂತಿತ್ತು. ಎಪ್ಪತ್ತು ದಾಟಿದ ಮನುಷ್ಯ. ರವಿಕುಮಾರ್ ಒಲ್ಲದ ಮನಸ್ಸಿನಿಂದ ಪೆಟ್ಟಿಗೆಯನ್ನು ಬೀರುವಿನಿಂದ ತಂದು ಅವರ ಮುಂದಿಟ್ಟ. ಬಣ್ಣದ ಕಾಗದ ಅಷ್ಟರಲ್ಲಿ ಪೂರ್ತಿ ಹರಿದಿತ್ತು.

"ನಾನು ಯಾರ್ ಮುಂದೆ ತಲೆ ಎತ್ಕಂಡ್ ಮಾತಾಡ್ತಿದ್ನೋ ಅವರ ಮುಂದೆಲ್ಲ ಈಗ ತಲೆ ತಗ್ಗಿಸ್ಬೇಕು" ಎಂದರು ತಿಮ್ಮಯ್ಯ. "ಕುಡಿಯಾದಲ್ದೆ ಕಾಯಿಸ್ತೀರಂತಲ್ಲ ಅಳಿಯಂದ್ರೆ, ಇತ್ತಲಲ್ಲಿ?"

"ಕಾಯಿಸೋದಾ? ಇಲ್ಲ ಮಾವ. ಬಿಸಿ ತಾಗಿದ್ರೆ ಸತ್ತೋಗ್ತದೆ."

"ರವಿ, ತಗಂಡೋಗಿ ಮೋರಿಗೆ ಸುರಿ ಇದ."

ಮೇಷ್ಟ್ರು ಅಡ್ಡ ಬಂದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಬೇಡ ಮಾವ. ನಿಮ್ಮ ಕಾಲಿಗೆ ಬೀಳ್ತೀನಿ. ಇದ್ರಲ್ಲಿ ಜೀವ ಇದೆ."

"ಎಷ್ಟ್ ಜೀವ ತಗಂಡದೆ ಗೊತ್ತಾ ಅದು?" ತಿಮ್ಮಯ್ಯನವರ ದನಿ ಒಡೆಯಿತು. ಅಲ್ಲಿದ್ದ ಹಿರಿಯರಿಗೆ ಅವರ ಅಣ್ಣನ ನೆನಪಾಯಿತು.

ಕೋಮಲ ಮುಂದೆ ಬಂದು ಗಂಡನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡಳು. ಮೋರಿಗೆ ಸುರಿಯುವುದಾದರೆ ತಾನೇ ಸುರಿಯುವೆನೆಂದು ಪೆಟ್ಟಿಗೆಯ ಮುಚ್ಚಳ ಎಬ್ಬಿಸಿ ಬಾಟಲಿಯನ್ನು ಹೊರಕ್ಕೆಳೆದಳು. ಎಳೆದವಳು ಹಾಗೇ ನಿಂತಳು.

ಬಾಟಲಿಯ ತುಂಬ ಹಸಿರು. ತಳದಲ್ಲಿ ಕಪಿಲೆಯ ಕಲ್ಲು, ಅದರ ಮೇಲೆ ಕಪ್ಪು ಗೆರೆ, ಮೇಲೆ ಪಾಚಿಯ ಪುಟ್ಟ ಗುಡ್ಡ. ಗುಡ್ಡದ ಮೇಲೆ ಜರೀಗಿಡ ಎರಡು ಹೊಸ ಸುರುಳಿ ಬಿಚ್ಚಿತ್ತು. ಕಿಟಕಿಯ ಬೆಳಕಿಗೆ ಗಾಜಿನ ಒಳಗಿನ ಹನಿಗಳು ಹೊಳೆದವು.

ದಪ್ಪ ಮೀಸೆಯವನು ಮೊದಲು ಜಾಗ ಖಾಲಿ ಮಾಡಿದ. ಅವನ ಹಿಂದೆ ಉಳಿದ ಸ್ನೇಹಿತರೂ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು. ಬೆಳಗಿನಿಂದ ಸಂಜೆಯ ಕನಸು ಕಾಣುತ್ತಿದ್ದ ರವಿಕುಮಾರ್ ಮಾತ್ರ ಬಾಟಲಿಯನ್ನು ಎಲ್ಲ ಕಡೆಯಿಂದ ನೋಡಿ, ಪೂರ್ತಿ ಹೀಗೇ ಇದೆಯೋ ಅಥವಾ ಕೆಳಗೆ ಏನಾದರೂ ಇದೆಯೋ ಎಂದು ಕ್ಷೀಣವಾಗಿ ಕೇಳಿದ.

ಆ ಮಾತು ತಿಮ್ಮಯ್ಯನವರ ಅನುಮಾನವನ್ನು ಮತ್ತೆ ಎಬ್ಬಿಸಿತು. ಮೇಲೆ ಸೊಪ್ಪು ತುರುಕಿ ಕೆಳಗೆ ಹೆಂಡ ಇಟ್ಟಿದ್ದರೆ? ಅವರು ಬಾಟಲಿಯನ್ನು ಮಗಳ ಕೈಯಿಂದ ತೆಗೆದುಕೊಂಡು, ಯಾರಾದರೂ ತಡೆಯುವ ಮೊದಲೇ, ತಲೆಕೆಳಗು ಮಾಡಿ ಬಲವಾಗಿ ಒದರಿದರು.

ಗುಡ್ಡ ಕುಸಿಯಿತು. ಕಲ್ಲು ಮೇಲೆ ಬಂತು, ಜರೀಗಿಡ ಕೆಳಗೆ ಹೋಯಿತು, ಇದ್ದಿಲು ಎಲ್ಲದರ ಮೇಲೂ ಬಳಿದುಕೊಂಡಿತು. ಭಾನುವಾರವಿಡೀ ಛತ್ರಿ ಕಡ್ಡಿಯಲ್ಲಿ ಕಟ್ಟಿದ ಕಾಡು ಕಣ್ಣೆದುರೇ ಕಲಸನ್ನವಾಯಿತು. ಮೇಷ್ಟ್ರು ಕುರ್ಚಿಯ ಬೆನ್ನು ಹಿಡಿದು ನಿಂತರು.

ತಿಮ್ಮಯ್ಯನವರು ಮುಚ್ಚಳ ತಿರುಗಿಸಿ ಮೂಗಿಗೆ ಹಿಡಿದರು. ಒಮ್ಮೆ ಮೂಸಿದರು. ಇನ್ನೊಮ್ಮೆ ನಿಧಾನವಾಗಿ ಮೂಸಿದರು. ಅವರ ಮುಖ ಸಡಿಲಾಯಿತು.

"ಮಣ್ಣು ಕಣವ್ವ" ಎಂದರು ಮಗಳಿಗೆ. "ಮಳೆ ಬಂದೋದ್ ಮೇಲೆ ಗದ್ದೆ ಬದೀಲಿ ಬತ್ತದಲ್ಲ, ಆ ವಾಸ್ನೆ."

ಬಾಟಲಿ ಕೈಯಿಂದ ಕೈಗೆ ಹೋಗಿ ಎಲ್ಲರೂ ಮೂಸಿದರು. ನಗು ಶುರುವಾಯಿತು. ತಿಮ್ಮಯ್ಯನವರು ದೊಡ್ಡಳಿಯನ ಎರಡೂ ಕೈ ಹಿಡಿದುಕೊಂಡು ತಪ್ಪಾಯಿತು ಎಂದರು. ಮೇಷ್ಟ್ರು, ಮುಂದಿನ ಸಲ ಅಗಲ ಬಾಯಿಯ ಬಾಟಲಿ ತರುತ್ತೇನೆ ಎಂದುಬಿಟ್ಟರು. ಸಂಜೆ ಊಟದ ಹೊತ್ತಿಗೆ ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಸಾಲು ನೆಟ್ಟಗಿಲ್ಲ, ಬನ್ನಿ ಎಂದು ಅಡುಗೆಯವರು ಮೇಷ್ಟ್ರನ್ನು ಕರೆದರು.

ಅವರು ಎದ್ದು ಹೋಗುವ ಮೊದಲು ಕೋಮಲ ಎಲೆಯಲ್ಲಿ ಒಬ್ಬಟ್ಟು ಹಿಡಿದು ಬಂದಳು. ಮೆಟ್ಟಿಲ ಮೇಲೆ ಅವರ ಪಕ್ಕ ಕೂತು, ಮೂರು ದಿನವೂ ಇದನ್ನೇ ಮಾಡುತ್ತಿದ್ದಿರಾ ಎಂದು ಕೇಳಿದಳು. ಮೇಷ್ಟ್ರು ಹೌದೆಂದರು. ಹನಿ ಇಳಿದದ್ದನ್ನು ಹೇಳಿದರು, ಎಲೆ ತಲೆಯಾಡಿಸಿದ್ದನ್ನು ಹೇಳಿದರು. ಅವಳು ಸೆರಗಿನ ಗಂಟು ಬಿಚ್ಚಿ ಕಪಾಟಿನ ಬೀಗದ ಕೈಯನ್ನು ಅವರ ಅಂಗೈಗೆ ಹಾಕಿದಳು. ಉಪ್ಪಿನಕಾಯಿ ಭರಣಿ ಬಿಟ್ಟು ಬೇರೆ ಯಾವುದನ್ನಾದರೂ ತೆಗೆದುಕೊಳ್ಳಬಹುದೆಂದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ಮೇಷ್ಟ್ರು ಸುಖವಾಗಿರುತ್ತಿದ್ದರು. ಆದರೆ ತಿಮ್ಮಯ್ಯನವರ ಮನಸ್ಸಿಗೆ ಸಮಾಧಾನವಿರಲಿಲ್ಲ. ಇಲ್ಲದ ಅಪವಾದ ಹೊರಿಸಿದ್ದಕ್ಕೆ ಪ್ರಾಯಶ್ಚಿತ್ತ ಆಗಬೇಕಲ್ಲ. ಅವರು ದೊಡ್ಡ ಮಗಳ ಮನೆಗೆ ಬಂದು ಕೆಲವು ದಿನ ನಿಂತರು. ದಿನವೂ ಬೆಳಿಗ್ಗೆ ಜಗಲಿಯ ಮೇಲೆ ಕೂತು ಬೀದಿಯಲ್ಲಿ ಹೋಗಿ ಬರುವವರನ್ನೆಲ್ಲ ನಿಲ್ಲಿಸಿಕೊಂಡು, ಅಳಿಯ ಎಂಥ ಮಹಾ ಕೆಲಸ ಮಾಡುತ್ತಿದ್ದಾನೆಂದು ವಿವರಿಸಿದರು. ಪಾಪದ ಬಾಟಲಿಯಲ್ಲಿ ಪುಣ್ಯದ ಗಿಡ ಬೆಳೆಸುತ್ತಾನೆ. ಯಾರ ಮನೆಯಲ್ಲಾದರೂ ಖಾಲಿ ಬಾಟಲಿಯಿದ್ದರೆ ನಾಚಿಕೆಪಡದೆ ತಂದುಕೊಡಿ ಎಂದು ಕೈಮುಗಿದು ಕೇಳಿಕೊಂಡು, ನೆಮ್ಮದಿಯಿಂದ ಬನ್ನೂರಿನ ಬಸ್ಸು ಹತ್ತಿದರು.

ಮಾರನೆಯ ದಿನ ಗೇಟಿನ ಬಳಿ ಒಂದೆರಡು ಬಾಟಲಿಗಳಿದ್ದವು. ಆಮೇಲೆ ಚೀಲಗಳು ಬಂದವು. ಉದ್ದದವು, ಕುಳ್ಳಗಿನವು, ಜೇಬಿಗೆ ಹಿಡಿಸುವ ಚಪ್ಪಟೆಯವು, ಹೊಲಕ್ಕೆ ಹೋಗುವವರು ಸೊಂಟಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ಕಿನವು. ಮೇಷ್ಟ್ರು ಸ್ಕೂಲಿಗೆ ಹೊರಟರೆ ಅಪರಿಚಿತರು ಸೈಕಲ್ ನಿಲ್ಲಿಸಿ, ಇವತ್ತು ಒಂದು ಸಿಗುತ್ತದೆ ಸಾ, ಸಂಜೆ ಮುಟ್ಟಿಸುತ್ತೇನೆ ಎಂದು ಭರವಸೆ ಕೊಡತೊಡಗಿದರು. ಜಗಲಿ ತುಂಬಿತು, ಹಿತ್ತಲು ತುಂಬಿತು. ಕೋಮಲ ರಂಗೋಲಿ ಹಾಕಲು ಜಾಗವಿಲ್ಲದೆ ಬೀದಿಗಿಳಿದಳು. ಮೇಷ್ಟ್ರು ಹಗಲು ರಾತ್ರಿ ನೆಟ್ಟರೂ ತುಂಬಲಾರದಷ್ಟು ಬಾಟಲಿ. ಆದರೂ ಅವರಿಗೆ ಒಳಗೊಳಗೇ ಹೆಮ್ಮೆ. ಇಡೀ ಬೀದಿಗೆ ಪರಿಸರದ ಕಾಳಜಿ ಹುಟ್ಟಿಸಿಬಿಟ್ಟೆನಲ್ಲ ಎಂದು ಹೆಂಡತಿಯ ಮುಂದೆ ಎದೆಯುಬ್ಬಿಸಿ ಹೇಳಿದ ದಿನವೇ, ಪಕ್ಕದ ಓಣಿಯ ಮುದ್ದಮ್ಮ ಚೀಲ ಹಿಡಿದು ಬಂದಳು. ಗಾರೆ ಕೆಲಸದ ಬೆಟ್ಟಯ್ಯನ ಹೆಂಡತಿ. ಚೀಲವನ್ನು ಮೇಷ್ಟ್ರ ಕಾಲ ಬಳಿ ಇಳಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

ಮೇಷ್ಟ್ರು, ಬಹಳ ಸಂತೋಷ ಕಣಮ್ಮ, ನಿಮ್ಮಂಥವರ ಸಹಕಾರವಿದ್ದರೆ ಇನ್ನೂ ಬೆಳೆಸಬಹುದು ಎಂದರು.

"ಅದ್ನೇ ಕೇಳನ ಅಂತ ಬಂದೆ ಸಾ" ಎಂದಳು ಮುದ್ದಮ್ಮ. "ನಮ್ಮನೆಯವ್ರು ಮೊದ್ಲು ವಾರಕ್ಕೊಂದ್ಸಲ ಕುಡೀತಿದ್ರು. ಈಗ ದಿನಾ ಕುಡೀತಾರೆ. ಬೋದ್ರೆ, 'ಮೇಷ್ಟ್ರು ಒಬ್ರೇ ಕಷ್ಟಪಟ್ಟು ಕಾಡ್ ಬೆಳೆಸ್ತಾವ್ರೆ, ನಮ್ ಕೈಲಾಗಿದ್ದು ನಾವು ಮಾಡ್ಬ್ಯಾಡ್ವಾ' ಅಂತಾರೆ. ನಿಮ್ಮ ದಮ್ಮಯ್ಯ ಸಾ, ಕಾಡು ಸಾಕು ಅಂತ ಅವ್ರಿಗೊಂದ್ ಮಾತು ಹೇಳ್ಬುಡಿ."